ಡಿಸ್ಚಾರ್ಜ್ ಹೈ

ಕೊರೊನಾ ತಗ್ಗಿ ಆಸ್ಪತ್ರೆ ಮೊದಲಿನ ಲಯಕ್ಕೆ ಮರಳಿದ್ದ ವರ್ಷ ಅದು. ದೆಹಲಿಯ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರ ಪುರುಷರ ಸರ್ಜಿಕಲ್ ವಾರ್ಡಿಗೆ ನಾನು ನರ್ಸಿಂಗ್ ಇನ್‌ಚಾರ್ಜ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ವಾರ್ಡಿನ ಇಡೀ ಸಿಬ್ಬಂದಿಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ.

ಬಸವರಾಜ್ ಹಾವೇರಿ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಡ್ರೈವರ್; ಜನಕಪುರಿಯಲ್ಲಿ ಬಾಡಿಗೆ ಮನೆ. ಸಕ್ಕರೆ ಕಾಯಿಲೆಯಿಂದ ಬಲಪಾದದಲ್ಲಿ ಹುಣ್ಣಾಗಿ, ಕೊಳೆತ ಭಾಗವನ್ನು ಆಪರೇಷನ್ ಮಾಡಿ ತೆಗೆದಿದ್ದರು. ದಿನಾ ಡ್ರೆಸಿಂಗ್, ಹೊತ್ತುಹೊತ್ತಿಗೆ ಆಂಟಿಬಯಾಟಿಕ್ ಇಂಜೆಕ್ಷನ್. ಆ ಕಾಲನ್ನು ನೆಲಕ್ಕೆ ಊರಲೇಬಾರದೆಂದು ಹೇಳಿದ್ದೆವು.

ಅವರ ಮಗಳು ಸವಿತಾ ಕಾಲೇಜಿನ ಕಬಡ್ಡಿ ಆಟಗಾರ್ತಿ. ಆ ವಾರ ನೋಯ್ಡಾದಲ್ಲಿ ಅವಳ ತಂಡದ ಫೈನಲ್ ಇತ್ತು.

"ಡ್ಯೂಟಿ ಡ್ಯೂಟಿ ಅಂತ ಆಕಿದು ಒಂದು ಮ್ಯಾಚೂ ನೋಡಿಲ್ರೀ ಸಿಸ್ಟರ್. ಅಷ್ಟರೊಳಗ ಬಿಡ್ತಾರೇನು, ಡಾಕ್ಟರ್‌ನ ಕೇಳ್ರೀ," ಎಂದು ಬಸವರಾಜ್ ದಿನಾ ಗೋಗರೆಯುತ್ತಿದ್ದರು. ಕೇಳಿದ್ದೆ. ಸದ್ಯಕ್ಕೆ ಆಗದು ಎಂದಿದ್ದರು ಡಾಕ್ಟರು.

ಫೈನಲ್ ಇದ್ದ ದಿನವೇ ನನಗೆ ವಾರದ ರಜೆ. ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಆಮೇಲೆ ಒಬ್ಬೊಬ್ಬರ ಬಾಯಿಂದ ಕೇಳಿದ್ದು.

ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರು ಬ್ಯಾಂಡೇಜ್ ಬಿಚ್ಚಿ ನೋಡಿ, ಜೊತೆಗಿದ್ದ ಕಿರಿಯರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಪಕ್ಕದ ಹಾಸಿಗೆಗೆ ಸರಿದರು. ಗಾಯದಿಂದ ಸೋರುವ ಕೀವಿಗೂ ನಾವು 'ಡಿಸ್ಚಾರ್ಜ್' ಎನ್ನುತ್ತೇವೆ. ಅದು ಹೆಚ್ಚಾಗಿದೆ ಎಂದು ಅವರು ಹೇಳಿದ್ದು. ಬಸವರಾಜ್ ಕಿವಿಗೆ ಬಿದ್ದದ್ದು ಆ ಒಂದೇ ಪದ. ಖಚಿತಪಡಿಸಿಕೊಳ್ಳಲು ಅಲ್ಲಿದ್ದ ಹೊಸ ನರ್ಸ್ ನೀತುವನ್ನು, ಡಿಸ್ಚಾರ್ಜ್ ಇದೆಯಾ ಎಂದು ಹಿಂದಿಯಲ್ಲಿ ಕೇಳಿದರು:

"ಸಿಸ್ಟರ್, ಡಿಸ್ಚಾರ್ಜ್ ಹೈ ಕ್ಯಾ?"

ಗಾಯದ ಬಗ್ಗೆ ಕೇಳುತ್ತಿದ್ದಾರೆಂದುಕೊಂಡ ಅವಳು, "ಹಾಂ ಭಯ್ಯಾ, ಡಿಸ್ಚಾರ್ಜ್ ಹೈ," ಎಂದಳು.

ಹೊಸ ಬ್ಯಾಂಡೇಜ್ ಕಟ್ಟಿದ ಮೇಲೆ ಬಸವರಾಜ್ ಅಂಗಿ ಪ್ಯಾಂಟು ತೊಟ್ಟರು. ಕಾಗದಪತ್ರವನ್ನು ಸಂಜೆ ಹೆಂಡತಿ ತೆಗೆದುಕೊಳ್ಳುತ್ತಾಳೆಂದು ಪಕ್ಕದ ರೋಗಿಗೆ ಹೇಳಿ, ಗೋಡೆ ಹಿಡಿದುಕೊಂಡು ಹೊರಬಂದು ಆಟೋ ಹತ್ತಿದರು. ಮಧ್ಯಾಹ್ನ ಊಟ ತಂದ ಹೆಂಡತಿ ಗಿರಿಜಾಗೆ ಕಂಡದ್ದು ಖಾಲಿ ಹಾಸಿಗೆ. ಪಕ್ಕದ ರೋಗಿ ವಿಷಯ ಹೇಳಿದರೂ, ಡಿಸ್ಚಾರ್ಜ್ ಆಗೇ ಇಲ್ಲ, ರೋಗಿ ಓಡಿಹೋಗಿದ್ದಾನೆ ಎಂದರು ವಾರ್ಡಿನವರು. ಫೋನ್ ಮಾಡಿದರೆ ಸ್ವಿಚ್ ಆಫ್; ಬ್ಯಾಟರಿ ಮುಗಿದಿತ್ತು.

ಅತ್ತ ನೋಯ್ಡಾದಲ್ಲಿ ಬಸವರಾಜ್ ಮೈದಾನದ ಬೇಲಿಗೆ ಒರಗಿ, ಜನರ ನಡುವೆ ಕೊನೆಯವರೆಗೂ ನಿಂತೇ ಆಟ ನೋಡಿದರು. ಸವಿತಾಳ ತಂಡ ಗೆದ್ದಿತು.

"ಪಪ್ಪಾ, ಆಪ್ ಯಹಾಂ ಕೈಸೇ?" ಅಪ್ಪ ಇಲ್ಲಿಗೆ ಹೇಗೆ ಬಂದರೆಂದು ಅಚ್ಚರಿಪಡುತ್ತಾ ಸವಿತಾ ಓಡಿಬಂದಳು.

"ಡಿಸ್ಚಾರ್ಜ್ ಮಾಡಿದ್ರವ್ವಾ!"

ಅವಳು ಅಪ್ಪನನ್ನು ತಬ್ಬಿಕೊಂಡು ಗೆಳತಿಯರಿಗೆಲ್ಲ ಪರಿಚಯಿಸಿದಳು. ಬ್ಯಾಂಡೇಜ್ ಒದ್ದೆಯಾಗಿದ್ದನ್ನು ಕಂಡದ್ದು ಮನೆಗೆ ಹೋದ ಮೇಲೆಯೇ. ಅಷ್ಟರಲ್ಲಿ ಮೈ ಕೆಂಡದಂತೆ ಸುಡುತ್ತಿತ್ತು.

ಮರುದಿನ ನಾನು ಡ್ಯೂಟಿಗೆ ಹೋದಾಗ ಬಸವರಾಜ್ ಸ್ಟ್ರೆಚರ್ ಮೇಲಿದ್ದರು. "ನಾ ಓಡಿ ಹೋಗಿಲ್ರೀ ಸಿಸ್ಟರ್, ಕೇಳೇ ಹೋಗೀನಿ," ಎಂದು ನನ್ನ ಕೈ ಹಿಡಿದರು. ಸೋಂಕು ಹಿಮ್ಮಡಿ ದಾಟಿ ಮೇಲೇರಿತ್ತು. ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಬೇಕಾಯಿತು.

"ಇಲ್ಲೇ ಇದ್ದಿದ್ದರೂ ಉಳಿಯುತ್ತಿತ್ತು ಅಂತ ಹೇಳಲಾರೆ. ಆದರೆ ಒಂದು ಅವಕಾಶ ಇತ್ತು," ಎಂದರು ಡಾಕ್ಟರು.

ನೀತುವಿಗೆ ಮೆಮೊ ಬಂತು. ಕರ್ತವ್ಯ ನಿರ್ವಹಣೆಯಲ್ಲಿ ಲೋಪ ಎಂಬ ಆರೋಪ. ಆಫೀಸಿನ ಇಂಗ್ಲಿಷಿನಲ್ಲಿ ಆ ನಿರ್ವಹಣೆಗೂ ಬಳಸಿದ್ದು ಡಿಸ್ಚಾರ್ಜ್ ಎಂಬ ಪದವನ್ನೇ. ಅವಳು ಅದನ್ನು ನನ್ನ ಮುಂದೆ ಹಿಡಿದು ಅತ್ತಳು: "ಮ್ಯಾಡಮ್, ಮೈನೇ ಝೂಠ್ ತೋ ನಹೀಂ ಬೋಲಾ." ನಿಜ, ಅವಳು ಸುಳ್ಳು ಹೇಳಿರಲಿಲ್ಲ. ವಾರ್ಡಿನಲ್ಲಿ ಯಾರೂ ಹೇಳಿರಲಿಲ್ಲ. ಅವಳ ಪರವಾಗಿ ವಿವರಣೆ ಬರೆದುಕೊಟ್ಟೆ. ಮೆಮೊ ಅಲ್ಲಿಗೇ ನಿಂತಿತು. ಆದರೆ ನೀತು ಬೇರೆ ವಾರ್ಡು ಕೇಳಿ ಪಡೆದಳು.

ಬಸವರಾಜರಿಗೆ ಕಚೇರಿಯಲ್ಲೇ ಕೂತು ಮಾಡುವ ಕೆಲಸ ಕೊಟ್ಟರು. ಕೃತಕ ಕಾಲಿನ ಅಳತೆಗೆಂದು ಬಂದಾಗ ನನ್ನನ್ನು ಪಕ್ಕಕ್ಕೆ ಕರೆದು, "ಸವಿತಾ ಆಟ ಬಿಟ್ಟಾಳ್ರೀ. ನೀವರ ಬುದ್ಧಿ ಹೇಳ್ರೀ," ಎಂದರು. ಜೊತೆಗೆ ಬಂದಿದ್ದ ಸವಿತಾಳಿಗೆ ಹೇಳಿದೆ. "ಆಂಟಿ, ಮ್ಯಾಟ್ ಮೇಲೆ ಹೋದ್ರೆ ಪಪ್ಪಾ ನಿಂತಿರೋದೇ ಕಾಣುತ್ತೆ. ನಹೀಂ ಹೋತಾ, ನನ್ನಿಂದ ಆಗಲ್ಲ," ಎಂದಳು. ಅದು ನಿನ್ನ ತಪ್ಪಲ್ಲ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಅವಳು ಮತ್ತೆ ಆಡಿದ್ದನ್ನು ನಾನು ಕೇಳಲಿಲ್ಲ.

ಉಳಿದ ಎರಡು ವರ್ಷ ವಾರ್ಡಿಗೆ ಬಂದ ಪ್ರತಿ ಹೊಸ ನರ್ಸಿಗೂ ಒಂದು ಮಾತು ಹೇಳುತ್ತಿದ್ದೆ. ರೋಗಿಯನ್ನು "ಅರ್ಥವಾಯಿತೇ?" ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. "ಏನು ಅರ್ಥವಾಯಿತು, ಹೇಳಿ," ಎಂದು ಕೇಳಿ, ಅವರು ಹೇಳಿ ಮುಗಿಸುವ ತನಕ ಅಲ್ಲೇ ನಿಲ್ಲಿ.