ತಾಂಡೂರು ಕಲ್ಲಿನ ಒರಟು ಅಂಚು

ತೆಲಂಗಾಣ ಚಳವಳಿ ಕಾವೇರಿದ್ದ 2011ರಲ್ಲಿ ನಾನು ಹೈದರಾಬಾದಿನ ವಿನ್ಯಾಸ ಸಂಸ್ಥೆಯೊಂದರಲ್ಲಿ ಹಿರಿಯ ಡಿಸೈನರ್. ಒಂದು ಹೊಸ ಆಸ್ಪತ್ರೆಯ ಅಂಗಳಕ್ಕೆ ತಾಂಡೂರಿನ ನೀಲಿ ಕಲ್ಲು ಹಾಸುವುದೆಂದು ನಿಶ್ಚಯವಾಗಿತ್ತು. ನಮ್ಮಲ್ಲಿ ರಿಸರ್ಚ್ ಆಧಾರಿತ ಡಿಸೈನ್ ಎಂಬ ಕ್ರಮವಿತ್ತು. ನಕ್ಷೆ ಅಂತಿಮಗೊಳಿಸುವ ಮೊದಲು ವಸ್ತು ಎಲ್ಲಿಂದ ಬರುತ್ತದೆ, ಯಾರ ಕೈಯಲ್ಲಿ ತಯಾರಾಗುತ್ತದೆ ಎಂದು ಹೋಗಿ ನೋಡಬೇಕು. ಹಾಗೆ ನಾನು ತಾಂಡೂರಿನ ಕಲ್ಲು ಕಾರ್ಖಾನೆಗೆ ಹೋದೆ.

ನಮ್ಮ ನಕ್ಷೆಯಲ್ಲಿದ್ದದ್ದು ಸಣ್ಣ ಸಣ್ಣ ಪಟ್ಟಿಗಳು. ಒಂದೊಂದು ಪಟ್ಟಿಗೂ ನಾಲ್ಕು ಕಡೆ ಗರಗಸ ಓಡಬೇಕು. ನೀರಿಲ್ಲದೆ ಒಣಗಿದ್ದ ಹಾಗೆಯೇ ಕಲ್ಲು ಕೊರೆಯುತ್ತಿದ್ದರು. ಮಷಿನ್ ಮುಂದೆ ಬಸಮ್ಮ, ಪಕ್ಕದಲ್ಲಿ ಅವಳ ನಾದಿನಿ ನಾಗಮ್ಮ. ಕಲ್ಲಿನ ಧೂಳು ಕೂತು ಇಬ್ಬರ ಹುಬ್ಬುಗಳೂ ಬೆಳ್ಳಗಾಗಿದ್ದವು.

ನಾನು ಮಾತಾಡಿಸುತ್ತಿದ್ದಂತೆ ಬಸಮ್ಮನಿಗೆ ಕೆಮ್ಮು ಹತ್ತಿತು. ನಿಲ್ಲಲಿಲ್ಲ. ಗೋಡೆ ಹಿಡಿದು ಕುಸಿದಳು, ತುಟಿ ನೀಲಿಗಟ್ಟಿತು. ಅವತ್ತು ತೆಲಂಗಾಣ ಬಂದ್, ಬೇರೆ ಗಾಡಿ ಸಿಗುವಂತಿರಲಿಲ್ಲ. ನಮ್ಮ ಜೀಪಿನಲ್ಲೇ ಅವಳನ್ನು ಮಲಗಿಸಿಕೊಂಡು ಹೊರಟೆವು. ಊರ ಹೊರಗೆ ರಸ್ತೆಗೆ ಬಂಡೆಗಳನ್ನು ಅಡ್ಡಹಾಕಿದ್ದರು.

"ಯಾವ ಗಾಡೀನೂ ಬಿಡಂಗಿಲ್ಲ," ಎಂದು ಚಳವಳಿಯ ಹುಡುಗರು ಜೀಪಿನ ಬಾನೆಟ್ಟಿಗೆ ಕೈ ಬಡಿದರು.

ನಾಗಮ್ಮ ಇಳಿದು ಕೂಗಿದಳು: "ಒಳಗ ಬಂದು ನೋಡ್ರೋ! ನಿಮ್ಮ ಊರ ಹೆಣ್ಮಗಳು ಉಸ್ರಿಲ್ದ ಸಾಯಾಕತ್ಯಾಳ!"

ಒಬ್ಬ ಇಣುಕಿದ. ಮರುಕ್ಷಣ ಎಲ್ಲರೂ ಸೇರಿ ಬಂಡೆ ಉರುಳಿಸಿದರು. ಇಬ್ಬರು ಬೈಕಿನಲ್ಲಿ ಮುಂದೆ ಹೋಗಿ ಆಸ್ಪತ್ರೆಯವರೆಗೂ ದಾರಿ ಬಿಡಿಸಿದರು.

ಜೀವ ಉಳಿಯಿತು. ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತಿದೆ, ಮತ್ತೆ ಆ ಕೆಲಸಕ್ಕೆ ಕಳಿಸಬೇಡಿ ಎಂದರು ಎಕ್ಸ್‌ರೇ ನೋಡಿದ ಡಾಕ್ಟರು.

ಆರ್ಡರ್ ರದ್ದು ಮಾಡಿಸುವೆನೆಂದು ನಾನು ಸಿಟ್ಟಿನಲ್ಲಿ ಹೇಳಿದೆ. ನಮ್ಮ ಹಿಂದೆಯೇ ಬಂದಿದ್ದ ಕಾರ್ಖಾನೆಯ ಮಾಲೀಕರು ಅಲ್ಲೇ ಆಸ್ಪತ್ರೆಯ ವರಾಂಡದಲ್ಲಿದ್ದರು. "ಮಾಡ್ರಿ ಮೇಡಂ. ನಾಳಿಗಿ ಇನ್ನೊಬ್ರ ಆರ್ಡರ್ ಬರ್ತದ. ನೀರ್ ಹಾಕಿ ಕೊರಿಬೇಕಂದ್ರ ಅಷ್ಟು ನೀರ್ ಎಲ್ಲಿಂದ ತರ್ಲಿ?"

ನಾಗಮ್ಮ ನನ್ನ ಕೈ ಹಿಡಿದಳು. "ಬಂದ್ ಮಾಡಿಸಬ್ಯಾಡ್ರಿ ಅಕ್ಕಾ. ನಮಗ ಕೆಲ್ಸನೂ ಬೇಕು, ಉಸ್ರೂ ಬೇಕು."

ಆ ಮಾತೇ ನಮ್ಮ ಹೊಸ ನಕ್ಷೆಯ ಷರತ್ತಾಯಿತು. ಪಟ್ಟಿಗಳನ್ನು ಕೈಬಿಟ್ಟು, ಗಣಿಯಿಂದ ಬಂದ ದೊಡ್ಡ ಚಪ್ಪಡಿಗಳನ್ನೇ ಬಳಸಿದೆವು. ಅಂಚನ್ನು ಉಳಿಯಿಂದ ಒಡೆದು ಸರಿಮಾಡಿದರೆ ಸಾಕು, ಗರಗಸ ಹೆಚ್ಚು ಓಡಬೇಕಿಲ್ಲ. ಉಳಿದಷ್ಟು ಕೊರೆತ ನೀರಿನಲ್ಲೇ ಆಗಬೇಕು, ಆ ನೀರನ್ನು ತಿಳಿಗೊಳಿಸಿ ಮತ್ತೆ ಬಳಸುವ ತೊಟ್ಟಿಯ ಖರ್ಚು ಆರ್ಡರಿನೊಳಗೇ ಸೇರಬೇಕು ಎಂದು ಬರೆದೆವು.

ಸಭೆಯಲ್ಲಿ ಹೊಸ ಆಸ್ಪತ್ರೆಯವರು ಮುಖ ಸಿಂಡರಿಸಿದರು. "ಅಂಚು ಒರಟಾಗಿದೆಯಲ್ಲ?"

ಬಸಮ್ಮನ ಎಕ್ಸ್‌ರೇಯಲ್ಲಿ ಡಾಕ್ಟರು ಕಂಡದ್ದನ್ನು ಹೇಳಿದೆ. ಅಲ್ಲಿದ್ದವರಲ್ಲಿ ಹೆಚ್ಚಿನವರು ಡಾಕ್ಟರುಗಳೇ. ವಿವರಿಸುವ ಅಗತ್ಯ ಬೀಳಲಿಲ್ಲ. ನಕ್ಷೆ ಒಪ್ಪಿಗೆಯಾಯಿತು.

ಆ ಒಂದು ಕಾರ್ಖಾನೆಯಲ್ಲಿ ಧೂಳು ಇಳಿಯಿತು. ಸುತ್ತಲಿನವು ಹಾಗೆಯೇ ಇದ್ದವು. ಬಸಮ್ಮ ಮಷಿನ್ ಬಿಟ್ಟು ಮನೆ ಮುಂದೆ ತರಕಾರಿ ಇಟ್ಟುಕೊಂಡಳು. ಮೊದಲಿನ ಉಸಿರು ಮಾತ್ರ ತಿರುಗಿ ಬರಲಿಲ್ಲ. ಕಾಗದದ ಮೇಲೆ ನಾನೊಂದು ಗೆರೆ ಎಳೆದರೆ, ಎಲ್ಲೋ ಒಬ್ಬರು ಧೂಳನ್ನು ಉಸಿರಾಡುತ್ತಲೇ ಅದನ್ನು ಕಲ್ಲಿನಲ್ಲಿ ಕೊರೆಯಬೇಕು. ಇದನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ, ತಾಂಡೂರು ಕಲಿಸಿತು.