ಹೊಸ ರಾಗಿಯ ತಪ್ಪು

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನಾಲಿಗೆಯ ಮೇಲಿಟ್ಟು ನುಂಗಬೇಕು. ಅಗಿದು ತಿನ್ನುವವರನ್ನು ಕಂಡರೆ ಮಕ್ಕಳೂ ನಗುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಯಜಮಾನರು ಉಣ್ಣುವುದನ್ನು ನೋಡುವುದೇ ನನಗೊಂದು ಸಂತೋಷವಾಗಿತ್ತು. ಸಾರು ಬಡಿಸಿ ಸೌಟು ಇಟ್ಟು ಬರುವಷ್ಟರಲ್ಲಿ ಒಂದು ಮುದ್ದೆ ಮಾಯವಾಗಿರುತ್ತಿತ್ತು. ಆ ಮನುಷ್ಯ ಒಂದು ಸಂಜೆ ಊಟದ ನಡುವೆ ಕೈ ನಿಲ್ಲಿಸಿ, ಚೊಂಬು ಎತ್ತಿ ಗಟಗಟ ನೀರು ಕುಡಿದು, ಎದೆಯ ಮೇಲೆ ಮೆಲ್ಲಗೆ ಗುದ್ದಿಕೊಂಡರು.

"ಯಾಕ್ಲಾ ಮಗ?" ಅಂದರು ಅತ್ತೆ.

"ಇಲ್ಲೇ ನಿಂತ್ಕತ್ತು ಕಣವ್ವ. ಕೆಳಕ್ಕೆ ಇಳೀನಿಲ್ಲ."

ಅತ್ತೆ ಮಗನ ಎದೆ ನೋಡಲಿಲ್ಲ. ಇವರ ತಟ್ಟೆಯಲ್ಲಿದ್ದ ಮುದ್ದೆಯನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿ, "ಬೆಂದಿಲ್ಲ" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ನಾಲಿಗೆ ಉದ್ದ, ಸಿಟ್ಟು ಮೂಗಿನ ತುದಿಯಲ್ಲಿ ಅಂತ ಜನ ನನ್ನನ್ನು ಅಂದುಕೊಳ್ಳಲಿ, ಅದು ನಿಜವೇ. ಆದರೆ ನಾನು ಮುಡುಕುತೊರೆ ಪಕ್ಕದ ಊರಿನವಳು, ನಾಟಿಗೆ ಬಂದ ಆಳುಗಳಿಗೆಲ್ಲ ಮುದ್ದೆ ಕಟ್ಟಿ ಬೆಳೆದವಳು. ನನ್ನ ಮುದ್ದೆ ಬೆಂದಿಲ್ಲ ಅಂತ ಅದುವರೆಗೆ ಒಂದು ನರಪಿಳ್ಳೆಯೂ ಅಂದಿರಲಿಲ್ಲ. "ನಿಮ್ಮ ತಟ್ಟೇಲಿರೋದೂ ಅದೇ ಪಾತ್ರೆದು ಅತ್ತೆ. ನಿಮಗೆ ಸಲೀಸಾಗಿ ಇಳೀತಲ್ಲ?" ಅಂದೆ.

"ನಂದು ಅಳೇ ಗಂಟ್ಲು ಕಣಮ್ಮಿ. ಕಲ್ಲು ಆಕುದ್ರೂ ಇಳೀತದೆ."

ಯಜಮಾನರು ನಕ್ಕುಬಿಟ್ಟರು. ಆಗಿನ್ನೂ ನಮ್ಮ ಮನೆಯಲ್ಲಿ ಆ ವಿಷಯಕ್ಕೆ ನಗು ಬರುತ್ತಿತ್ತು.

ಆಗಷ್ಟೇ ಸಂಕ್ರಾಂತಿ ಕಳೆದು ಹೊಸ ರಾಗಿಗೆ ಕೈ ಹಾಕಿದ್ದೆವು. ಹೊಸ ರಾಗಿ ಜಿಗುಟು, ಹೊಟ್ಟೆಗೆ ಭಾರ, ಒಂದು ವರ್ಷವಾದರೂ ಹಳತಾಗಬೇಕು ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಹಾಗಾಗಿ ಎರಡನೇ ಸಲ, ಮೂರನೇ ಸಲ ಮುದ್ದೆ ಎದೆಯಲ್ಲಿ ನಿಂತಾಗ ಅತ್ತೆ ತಪ್ಪನ್ನು ಹೊಸ ರಾಗಿಯ ತಲೆಗೆ ಕಟ್ಟಿದರು. ನಾನು ಹಿಟ್ಟಿನ ಮಿಲ್ಲಿನವನ ಜೊತೆ ಜಗಳಕ್ಕೆ ನಿಂತೆ, ತರಿತರಿಯಾಗಿ ಬೀಸಿ ಕೊಟ್ಟಿದ್ದಾನೆ ಅಂತ. ಅವನನ್ನು ಬಿಟ್ಟು ನರಸೀಪುರದ ಇನ್ನೊಂದು ಮಿಲ್ಲಿಗೆ ಬಸ್ಸಿನಲ್ಲಿ ಚೀಲ ಹೊತ್ತುಕೊಂಡು ಹೋದೆ. ತವರಿನಿಂದ ನಮ್ಮಣ್ಣ ಹಳೇ ರಾಗಿ ಕಳಿಸಿದ. ಮುದ್ದೆಗೆ ಒಂದು ಹಿಡಿ ಅನ್ನ ಸೇರಿಸಿ ಬೆಣ್ಣೆಯ ಹಾಗೆ ಮಾಡಿ ಇಟ್ಟೆ. ಅದೂ ನಿಂತಿತು. ಇವರು ತುತ್ತನ್ನು ಚಿಕ್ಕದು ಮಾಡಿಕೊಂಡರು, ಆಮೇಲೆ ಗೋಡೆಯ ಕಡೆ ತಿರುಗಿ ಯಾರಿಗೂ ಕಾಣದ ಹಾಗೆ ಅಗಿಯತೊಡಗಿದರು.

ರೋಗಕ್ಕೆ ಹೆಸರಿಡುವವರಿಗೆ ಏನು ಬರ? ಡೇರಿಗೆ ಹಾಲು ಹಾಕಲು ಹೋದರೆ ಒಬ್ಬಳು ಗ್ಯಾಸ್ ಅನ್ನುತ್ತಿದ್ದಳು, ಇನ್ನೊಬ್ಬಳು ಪಿತ್ತ ಅನ್ನುತ್ತಿದ್ದಳು. ಪಾಳಿ ಕೆಲಸದವರು ಹೊತ್ತಲ್ಲದ ಹೊತ್ತಿನಲ್ಲಿ ಟೀ ಕುಡಿದು ಹೀಗಾಗುತ್ತದೆ ಅಂತ ಮೆಡಿಕಲ್ ಸ್ಟೋರಿನವನು ಮಾತ್ರೆ ಕೊಟ್ಟ. ಜೀರಿಗೆ ಕಷಾಯ ಆಯಿತು, ಸೋಡಾ ಆಯಿತು, ಬೆಳ್ಳುಳ್ಳಿ ಸುಟ್ಟು ತಿಂದದ್ದೂ ಆಯಿತು. ಆಸ್ಪತ್ರೆಯ ಮಾತು ನಾನು ಎತ್ತಿದಾಗಲೆಲ್ಲ ಇವರದು ಒಂದೇ ಉತ್ತರ: "ಕಾರ್ಡ್ ಬರ್ಲಿ ಬುಡು, ತೋರಿಸ್ಕಳಾನ."

ಆ ಕಾರ್ಡಿನ ಕತೆ ಹೇಳಿಬಿಡುತ್ತೇನೆ. ಇವರು ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮೇಲೆ ಲೋಡಿಂಗ್ ಕೆಲಸಕ್ಕಿದ್ದರು. ಕಾಯಂ ಆದವರಿಗೆ ಆಸ್ಪತ್ರೆ, ಔಷಧಿ ಎಲ್ಲ ಕಾರ್ಡಿನ ಮೇಲೆ ನಡೆಯುತ್ತಿತ್ತು. ಕಾಂಟ್ರಾಕ್ಟಿನವರಿಗೆ ಕಾಂಟ್ರಾಕ್ಟರ್ ಮನಸ್ಸು ಮಾಡಿದರೆ ಉಂಟು. ಹಳೇ ಕಾಂಟ್ರಾಕ್ಟರ್ ಹೋಗಿ ಹೊಸಬ ಬಂದಿದ್ದ; ಹಳೇ ಕಾರ್ಡು ನಡೆಯೋದಿಲ್ಲ, ಹೊಸದು ಇಂದೋ ನಾಳೆಯೋ ಬರುತ್ತದೆ ಅಂತ ಸೂಪರ್‌ವೈಸರ್ ಹೇಳಿದ್ದ. ಇನ್ನು ಮನೆಯ ರೇಷನ್ ಕಾರ್ಡು, ಬಡವರದಾದರೆ ಅದರ ಮೇಲೂ ಆಸ್ಪತ್ರೆ ಖರ್ಚು ನಡೆಯುತ್ತಿತ್ತು. ಅದರಲ್ಲಿ ನಮ್ಮ ಭಾವನವರ ಹೆಸರೂ ಇತ್ತು, ಭಾವನವರು ಒಂದು ಟ್ರಾಕ್ಟರ್ ತೆಗೆದಿದ್ದರು, ಅದರ ದೆಸೆಯಿಂದ ಕಾರ್ಡು ಬಡವರ ಸಾಲಿನಿಂದ ಕಿತ್ತುಹೋಗಿತ್ತು. ಟ್ರಾಕ್ಟರ್ ಅವರದು, ಅವರ ಒಲೆಯೂ ಬೇರೆ, ಆದರೆ ಸರ್ಕಾರದ ಕಣ್ಣಿಗೆ ನಾವೆಲ್ಲ ಒಂದೇ ಮನೆ. ಹಾಗೆ ನಾವು ಬಡವರೂ ಅಲ್ಲ, ನೌಕರರೂ ಅಲ್ಲ ಅನ್ನುವಂತಾಗಿದ್ದೆವು.

ಅತ್ತೆ ನಂಜುಂಡನಿಗೆ ಹರಸಿಕೊಂಡರು. "ಇಸ ಕುಡಿದು ಗಂಟ್ಲಲ್ಲೇ ತಡ್ಕಂಡೋನು ಅವನು. ಗಂಟ್ಲು ನೋವು ಅವನಿಗೆ ಗೊತ್ತಾಗ್ದೆ ಇನ್ನಾರ್ಗೆ ಗೊತ್ತಾದದು?" ಅಂದರು. ಒಂದು ಸೋಮವಾರ ಮೂವರೂ ನಂಜನಗೂಡಿಗೆ ಹೋದೆವು. ಕಪಿಲೆಯಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲೇ ಇವರು ದೇವಸ್ಥಾನದ ಸುತ್ತ ಉರುಳಿದರು. ಅತ್ತೆ ರೋಗ ಕಳೆಯುತ್ತದೆ ಅನ್ನುವ ಅಲ್ಲಿನ ಮಣ್ಣು, ಮೃತ್ತಿಕೆಯನ್ನು ಮಗನ ಗಂಟಲಿನಿಂದ ಎದೆಯವರೆಗೂ ಬಳಿದರು. ಇವರು ಕಣ್ಣು ಮುಚ್ಚಿ ನಿಂತಿದ್ದರು. ಆ ಮುಖ ನೋಡಿದಾಗ ನನಗೆ ಮೊದಲ ಸಲ ಭಯವಾಯಿತು. ಇದು ರಾಗಿಯದಲ್ಲ ಅನ್ನಿಸಿತು. "ದೇವರ ಕೈಗೆ ಕೊಟ್ಟದ್ದಾಯ್ತಲ್ಲ, ಹಂಗೇ ಮನುಷ್ಯರ ಕೈಗೂ ಕೊಟ್ಟು ನೋಡಾನ" ಅಂತ ಎಳೆದುಕೊಂಡು ಹೋದೆ.

ಬಸ್ ಸ್ಟ್ಯಾಂಡಿನ ಹತ್ತಿರದ ಕ್ಲಿನಿಕ್ಕಿನಲ್ಲಿ ಡಾಕ್ಟರು "ಏನಪ್ಪಾ?" ಅಂದರು. ಇವರು "ಗ್ಯಾಸ್ ಸಾ" ಅಂದರು. ರೋಗಿಯೇ ರೋಗದ ಹೆಸರು ಹೇಳಿಕೊಂಡು ಬಂದರೆ ಡಾಕ್ಟರಿಗೆ ಹುಡುಕುವ ಕೆಲಸ ಎಲ್ಲಿ ಉಳಿಯಿತು? ಹೊಟ್ಟೆ ಒತ್ತಿ ಒಂದು ಇಂಜೆಕ್ಷನ್ ಹಾಕಿ ಮಾತ್ರೆ ಬರೆದು ಕಳಿಸಿದರು. ಆ ಮಾತ್ರೆ ಮುಗಿಯುವವರೆಗೂ ಏನೂ ಗುಣ ಕಾಣಲಿಲ್ಲ. ಆಮೇಲೆ ಜಗಳವಾಡಿಯೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅಷ್ಟು ಉದ್ದದ ಕ್ಯೂ ಹೊರಗಿದ್ದರೂ ಇವರನ್ನು ಕೂರಿಸಿ ಕೇಳಿದರು. ಏನು ತಿಂದರೆ ನಿಲ್ಲುತ್ತದೆ, ಎಲ್ಲಿ ನಿಲ್ಲುತ್ತದೆ, ನೀರು ಇಳಿಯುತ್ತದೆಯಾ. ಕೊನೆಗೆ ಅಂದರು: "ಸದ್ಯಕ್ಕೆ ಮುದ್ದೆ ಬಿಡಿ. ಮೆತ್ತಗಿನ ಅನ್ನ, ಗಂಜಿ, ಹಾಲು ತಗೊಳ್ಳಿ. ಆದ್ರೆ ಮೈಸೂರಿಗೆ ಹೋಗಿ ಬಾಯಿಂದ ಕ್ಯಾಮೆರಾ ಇಳಿಸಿ ನೋಡಿಸ್ಲೇಬೇಕು. ತಡ ಮಾಡ್ಬೇಡಿ."

ಅದರಲ್ಲಿ ಇವರಿಗೆ ಹಿಡಿಸಿದ್ದು ಮೊದಲ ಮಾತು ಮಾತ್ರ. ಎರಡನೆಯದಕ್ಕೆ ನೂರು ತೊಡಕು. ಖಾಸಗಿಯಲ್ಲಿ ಮಾಡಿಸಲು ಕೈಯಲ್ಲಿ ಕಾಸಿಲ್ಲ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಕಡಿಮೆಯಲ್ಲೇ ಆಗುತ್ತದೆ, ಆದರೆ ಚೀಟಿಗೊಂದು ದಿನ, ಡಾಕ್ಟರಿಗೊಂದು ದಿನ, ಕ್ಯಾಮೆರಾಕ್ಕೊಂದು ದಿನ. ಅಷ್ಟು ರಜೆ ಹಾಕಿದರೆ ಕಾಂಟ್ರಾಕ್ಟರ್ ಅದೇ ಜಾಗಕ್ಕೆ ಇನ್ನೊಬ್ಬನನ್ನು ನಿಲ್ಲಿಸುತ್ತಾನೆ. ಕೆಲಸ ಹೋದರೆ ಬರಬೇಕಾದ ಕಾರ್ಡೂ ಹೋಯಿತು. "ಕಾರ್ಡ್ಗೆ ಅಂತ್ಲೇ ಕಣಮ್ಮಿ ನಾ ರಜ ಆಕ್ದೆ ಓಯ್ತಿರದು" ಅಂದರು ಇವರು.

ಮುದ್ದೆ ಬಿಟ್ಟರು. ಅದೇ ನಮಗೆ ಮುಳುವಾಯಿತು. ಯಾಕೆಂದರೆ ಅನ್ನ ಇಳಿಯಿತು. ತಿಳಿಸಾರು ಕಲಸಿದ ಮೆತ್ತನೆಯ ಅನ್ನ ಎಲ್ಲೂ ನಿಲ್ಲದೆ ಇಳಿಯಿತು. ಇವರು ತಟ್ಟೆಯಿಂದ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ ನಕ್ಕರು. ಅತ್ತೆ ಕೈ ಮುಗಿದರು. "ನೋಡ್ದಾ? ನಾ ಅವತ್ತೇ ಅನ್ನಿಲ್ವಾ ಒಸ ರಾಗಿದೇ ತಪ್ಪು ಅಂತ? ನಿನ್ ಕ್ಯಾಮ್ರಾ ಯಾಕಮ್ಮಿ ಬೇಕು?" ಅಂದರು. ನಾನು "ಹಳೇ ರಾಗೀನೂ ನಿಂತಿತ್ತಲ್ಲ ಅತ್ತೆ" ಅಂತ ಅವತ್ತೂ ಎದುರಾಡಿದೆ. ಆದರೆ ನಿಜ ಹೇಳುತ್ತೇನೆ, ಒಳಗೊಳಗೇ ನನಗೂ ಅವರ ಮಾತೇ ನಿಜವಾಗಲಿ ಅನ್ನಿಸಿತ್ತು.

ಇವರು ಸೊರಗತೊಡಗಿದರು. ಪ್ಯಾಂಟು ನಿಲ್ಲದೆ ಬೆಲ್ಟಿಗೆ ಮೊಳೆಯಿಂದ ತೂತು ಮಾಡಿಕೊಂಡರು. ಅದಕ್ಕೂ ಊರಿನಲ್ಲಿ ಕಾರಣ ಸಿದ್ಧವಾಗಿತ್ತು. ಇಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ, ಇಟ್ಟು ಬುಟ್ಟೋನು ಇಳೀದೆ ಏನು ಮಾಡ್ತಾನೆ ಅಂದರು. ಹುಟ್ಟಿದಾಗಿನಿಂದ ಮುದ್ದೆಯ ಮೇಲೆ ಬೆಳೆದ ಮೈ ಅದು, ಅನ್ನಕ್ಕೆ ನಿಲ್ಲುತ್ತದೆಯೇ ಅಂದರು. ಯುಗಾದಿ ಕಳೆಯಿತು, ಮಳೆ ಹಿಡಿಯಿತು. ಕಾರ್ಡು ಇಂದೋ ನಾಳೆಯೋ ಬರುವುದರಲ್ಲೇ ಇತ್ತು.

ಮಳೆಗಾಲದಲ್ಲಿ ಅನ್ನವೂ ನಿಂತಿತು. ಇವರು ಹೇಳಲಿಲ್ಲ. ಹಸಿವಿಲ್ಲ, ಕ್ಯಾಂಟೀನಿನಲ್ಲಿ ತಿಂದೆ ಅನ್ನುತ್ತಿದ್ದರು. ಒಂದು ಸಂಜೆ ಹಾಲು ಕರೆಯಲು ಕೊಟ್ಟಿಗೆಗೆ ಹೋದಾಗ ಹಿಂದುಗಡೆಯಿಂದ ಓಕರಿಸುವ ಸದ್ದು ಕೇಳಿತು. ಹೋಗಿ ನೋಡಿದರೆ ಇವರು ಗೋಡೆಗೆ ಕೈಕೊಟ್ಟು ಬಗ್ಗಿದ್ದರು. ಆಗ ತಾನೇ ಕುಡಿದ ಗಂಜಿ ಕುಡಿದ ಹಾಗೆಯೇ ನೆಲದ ಮೇಲಿತ್ತು, ಅದರಲ್ಲಿ ಕಪ್ಪಗೆ ರಕ್ತದ ಎಳೆ. ನಾನು ಅವತ್ತು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿರಬೇಕು. "ಕಾರ್ಡು ಬರೋದ್ರೊಳಗೆ ನೀವಿರ್ತೀರಾ?" ಅಂದುಬಿಟ್ಟೆ. ಇವರು ಬಾಯಿ ಒರೆಸಿಕೊಂಡು, "ಆ ಕಡಸು ಕೊಟ್ಬುಡಾನ ಅಮ್ಮಿ" ಅಂದರು. ಇನ್ನೂ ಕರು ಹಾಕದ ಕಡಸು ಅದು. ವಾರದೊಳಗೆ ಅದನ್ನು ಮಾರಿ ಮೈಸೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದೆವು.

ಕೌಂಟರಿನಲ್ಲಿ ಕೂತ ಹುಡುಗಿ ಹೆಸರಿಗಿಂತ ಮುಂಚೆ "ಇನ್ಶೂರೆನ್ಸ್ ಇದೆಯಾ, ಕಾರ್ಡ್ ಇದೆಯಾ?" ಅಂತ ಕೇಳಿದಳು. ಇಲ್ಲ ಅಂದೆ. ಹಾಗಾದರೆ ಮೊದಲು ದುಡ್ಡು ಕಟ್ಟಿ ಅಂದಳು. ಕಟ್ಟಿದೆವು. ಕ್ಯಾಮೆರಾ ಇಳಿಸಿದರು, ಒಳಗಿನಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಮಾಡಿದರು. ಕಡಸು ಅಷ್ಟಕ್ಕೇ ಮುಗಿಯಿತು. ಎಲ್ಲ ರಿಪೋರ್ಟು ಬಂದ ದಿನ ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ನುಂಗಕ್ಕೆ ಕಷ್ಟ ಆಗಿ ಎಷ್ಟು ದಿನ ಆಯ್ತು?"

ಇವರು ಸ್ವಲ್ಪ ಯೋಚಿಸಿ ಕೇಳಿದರು, "ಮುದ್ದೆನಾ ಸಾ, ಅನ್ನನಾ?"

ಡಾಕ್ಟರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಮುದ್ದೆ."

"ಅದಾ? ಅದು ಸಂಕ್ರಾಂತಿ ಇಂದ ಸಾ. ಮುದ್ದೆ ಬುಟ್ಮೇಲೆ ಚೆನ್ನಾಗಿದ್ದೆ."

ಆಮೇಲೆ ಅವರು ಹೇಳಿದ್ದನ್ನು ನಾನು ಬೇಡವೆಂದರೂ ಮರೆಯಲಾರೆ. ಅನ್ನನಾಳದಲ್ಲಿ ಗಡ್ಡೆ. ಕ್ಯಾನ್ಸರ್. ಲಿವರಿಗೂ ಹೋಗಿದೆ. ಆಪರೇಷನ್ ಮಾಡುವ ಕಾಲ ದಾಟಿದೆ. ಗಂಜಿ ಇಳಿಯಲು ಒಂದು ನಳಿಗೆ ಕೂರಿಸಬಹುದು, ನೋವಿಗೆ ಔಷಧಿ ಕೊಡಬಹುದು. ಕೂಗುವ ಮನುಷ್ಯರಲ್ಲ ಆ ಡಾಕ್ಟರು, ಬೈಯಲೂ ಇಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.

ಇವರು ಎಲ್ಲ ಕೇಳಿಸಿಕೊಂಡು, "ಮುಂದಿನ ತಿಂಗ್ಳು ಕಾರ್ಡ್ ಬತ್ತದೆ ಸಾ. ಆಗ ಬಂದು ಆಪರೇಸನ್ ಮಾಡಿಸ್ಕಂಡ್ರೆ ಆಯ್ತದಾ?" ಅಂದರು.

"ಕಾರ್ಡ್ ಬಂದ್ರೂ ಇನ್ನು ಇಷ್ಟೇ ಕಣಪ್ಪ" ಅಂದರು ಡಾಕ್ಟರು.

ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಕೂತರು. ನರಸೀಪುರದಲ್ಲಿ ಇಳಿಯುವ ಮುಂಚೆ ನನ್ನ ಕೈ ಹಿಡಿದು, "ಅವ್ವಂಗೆ ನಾನೇ ಏಳ್ತೀನಿ. ನೀ ಬಾಯಿ ಬುಡ್ಬೇಡ" ಅಂದರು.

ಅತ್ತೆ ಜಗುಲಿಯ ಮೇಲೆ ದಾರಿ ನೋಡುತ್ತ ಕೂತಿದ್ದರು. ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡಲಿಲ್ಲ. "ಏನಂದ್ರು ಮಗ ಡಾಕ್ಟ್ರು?"

"ಏನಿಲ್ಲ ಕಣವ್ವ. ಕರುಳಲ್ಲಿ ಉಣ್ಣಾಗದೆಯಂತೆ. ಎಲ್ಲ ಆ ಒಸ ರಾಗಿದೇ ತಪ್ಪಂತೆ. ಔಸ್ದಿ ಕೊಟ್ಟವ್ರೆ, ವಸಿ ದಿನ ಇಡೀತದಂತೆ ವಾಸಿ ಆಗಕ್ಕೆ."

ಅತ್ತೆಯ ಮುಖ ಅರಳಿತು. ಸಂಕ್ರಾಂತಿಯಿಂದ ನನ್ನ ಜೊತೆ ನಡೆಸಿಕೊಂಡು ಬಂದ ಜಗಳದಲ್ಲಿ ಗೆದ್ದಿದ್ದರು. ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿ, "ಕೇಳಿಸ್ಕಂಡ್ಯಾ? ನಾ ಏಳ್ದಾಗ ಮೈಮೇಲೆ ಬತ್ತಿದ್ದೆಯಲ್ಲ, ಈಗೇನಂದೀಯೆ?" ಅಂದರು.

ಇವರು ನನ್ನನ್ನೇ ನೋಡುತ್ತಿದ್ದರು.

"ಹೂಂ ಅತ್ತೆ. ನೀವು ಹೇಳಿದ್ದೇ ಸರಿ" ಅಂದೆ.

ಅತ್ತೆ ಇನ್ನೇನೋ ಹೇಳಲು ಹೋದವರು ನಿಲ್ಲಿಸಿದರು. ನನ್ನ ಮುಖವನ್ನು ನೋಡಿದರು, ಮಗನ ಮುಖವನ್ನು ನೋಡಿದರು, ಮತ್ತೆ ನನ್ನದನ್ನು. ಆ ಮನೆಗೆ ಕಾಲಿಟ್ಟಾಗಿನಿಂದ ಒಂದು ಸಲವಾದರೂ ಅವರ ಮಾತಿಗೆ ನಾನು ಎದುರಾಡದೆ ಹೂಂ ಅಂದವಳಲ್ಲ.

"ಅಯ್ಯೋ ನನ್ ಕಂದಾ" ಅಂತ ಎದೆ ಹೊಡೆದುಕೊಂಡು ಅಲ್ಲೇ ಕುಸಿದು ಕೂತರು.