ಅಪ್ಪನ ತಿಥಿಗೆ ರೇಸ್ ಬೈಕಿನ ಅಕ್ಷರ

ನಿಮ್ಮ ಮನೆಯ ತಿಥಿ ಫ್ಲೆಕ್ಸ್ ನೋಡಿ ಯಾರಾದರೂ "ಕಬಡ್ಡಿ ಎಷ್ಟ್ ಗಂಟೆಗಣ್ಣ?" ಅಂತ ಕೇಳಿದ್ದಾರೆಯೇ? ನನ್ನನ್ನು ಕೇಳಿದರು. ಮನೆ ಮುಂದೆ ಕಟ್ಟಿದ ಫ್ಲೆಕ್ಸಿನಲ್ಲಿ ದಪ್ಪ ಅಕ್ಷರಗಳೆಲ್ಲ ರಾಕೆಟ್ಟಿನಂತೆ ಮುಂದಕ್ಕೆ ವಾಲಿದ್ದವು. ಒಂದು ದಿನವೂ ಅವಸರಪಡದ ಅಪ್ಪ ಕೈಲಾಸಕ್ಕೆ ರೇಸಿನಲ್ಲಿ ಹೊರಟಂತಿತ್ತು.

ಸಾತನೂರಿನ ಫ್ಲೆಕ್ಸ್ ಅಂಗಡಿಯವನಿಗೆ ಫೋನ್ ಮಾಡಿದೆ. "ಫ್ಯೂಚರ್ ಫಾಂಟ್ ಕಣಣ್ಣ, ಒಸಿ ಸ್ಪೀಡ್ ಇರ್ಲಿ ಅಂತ ಹಾಕ್ದೆ," ಅಂದ. ಸತ್ತವರಿಗೂ ಫ್ಯೂಚರ್ ಕೊಡುವ ಮಹಾನುಭಾವ.

ಅಕ್ಷರ ಕೂಡಿಸಿ ಓದುವ ಅವ್ವ ಬಹಳ ಹೊತ್ತು ನೋಡಿ, "ನಿಮ್ಮಪ್ಪನ ಹೆಸ್ರು ಎಲ್ಲೈತ್ಲಾ ಮಗ?" ಅಂದಳು. ನಾನು ತೋರಿಸಿದರೂ ನಂಬಲಿಲ್ಲ. ಆ ಫ್ಲೆಕ್ಸ್ ಬಿಚ್ಚಿ, ನೆಟ್ಟಗೆ ನಿಂತ ಸಾದಾ ಅಕ್ಷರದಲ್ಲಿ ಬೇರೆಯದು ಮಾಡಿಸಿದೆ.

ಮದುವೆಯಾದಾಗಿನಿಂದ ಒಮ್ಮೆಯೂ ಬಾಯಿಬಿಟ್ಟು ಹೇಳದ ಗಂಡನ ಹೆಸರನ್ನು ಅವ್ವ ಅವತ್ತು ಬೆರಳಿಟ್ಟು, ಒಂದೊಂದೇ ಅಕ್ಷರ, ಜೋರಾಗಿ ಓದಿದಳು. ನಿಮ್ಮವರ ಹೆಸರನ್ನೂ ಇಂಥ ಕಲಾವಿದರು ಓಡಿಸಿದ್ದರೆ ಬರೆದು ತಿಳಿಸಿ.